ಬೀರದೇವರ ಗಾಯರಾಣ

ಐಗಳಿ, ತಾ. ಅಥಣಿ
೧೪-೧೧-೨೦೨೪, ಗುರುವಾರ

ಕಾಗವಾಡದ ಹೊಲಗಳಲ್ಲಿ ಕುರಿಗಳ ಜೊತೆಗಿರುವ ನನ್ನ ಯಜಮಾನರಿಗೆ ರಾಜೇಶ್ವರಿಯ ಶರಣು.

ಕಾಲಿಗೆ ಚುಚ್ಚಿದ ಜಾಲಿಮುಳ್ಳಿನ ಗಾಯ ಮಾಯಿತೇ? ಮರಿಗಳ ಕೆಮ್ಮು ನಿಂತಿತೇ? ನಾನು ಆರಾಮ ಇದ್ದೇನೆ ಎಂದು ಬರೆಯಲು ಮನಸ್ಸಿಲ್ಲ, ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ. ಫೋನಿನಲ್ಲಿ ಹೇಳಿದರೆ ನೀವು ‘ಹೂಂ, ಹೂಂ’ ಎಂದು ಕುರಿಯ ಹಿಂದೆ ಹೋಗಿಬಿಡುತ್ತೀರಿ. ಅದಕ್ಕೇ ಬರೆದು ಸಮಾಧಾನನ ಟೆಂಪೋದಲ್ಲಿ ಕಳಿಸುತ್ತಿದ್ದೇನೆ. ಸಮಾಧಾನ ಸದ್ಯಕ್ಕೆ ಅವನ ಹೆಸರಿನಲ್ಲಷ್ಟೇ ಇದೆ.

ನಮ್ಮ ಕುರಿ ಮೇಯುವ ಊರ ಗೋಮಾಳಕ್ಕೆ, ಅದೇ ಬೀರದೇವರ ಗಾಯರಾಣಕ್ಕೆ, ಬೆಲೆ ಕಟ್ಟಲು ಯಾವುದೋ ಕಂಪನಿಯವರು ಬಂದಿದ್ದರು. ಹುಲ್ಲು ಹಿಡಿದಿಡುವ ಇಂಗಾಲ, ನೆಲದಲ್ಲಿ ಇಂಗುವ ನೀರು, ಜೇನು, ಹಕ್ಕಿ, ಎಲ್ಲಕ್ಕೂ ಬೆಲೆ. ಅದು ‘ನೈಸರ್ಗಿಕ ಬಂಡವಾಳ’ವಂತೆ, ದೊಡ್ಡವರು ಅದರಲ್ಲಿ ಹಣ ಹೂಡುತ್ತಾರಂತೆ. ಪಾಳು ನೆಲ ಎಂದು ಮೂಗು ಮುರಿಯದೆ ಇಷ್ಟಾದರೂ ಕಂಡರಲ್ಲ ಎಂದು ಮೊದಲು ಖುಷಿಪಟ್ಟೆ, ಹುಚ್ಚಿ ನಾನು! ನೋಡಿದರೆ ನಮ್ಮ ಕುರಿಗಳನ್ನು ‘ಹಾನಿ’ ಎಂದು ಬರೆದಿದ್ದಾರೆ. ಹಿಕ್ಕೆ ಬಿದ್ದು, ಗೊರಸು ತುಳಿದು ಬೀಜ ಮಣ್ಣಿಗಿಳಿದು ಆ ಹುಲ್ಲು ಬೆಳೆಯುತ್ತದೆಂದು ಇವರಿಗೆ ಯಾರೂ ಕಲಿಸಿಲ್ಲವೇನೋ. ಮೂವತ್ತು ವರ್ಷ ಕುರಿ ಒಳಗೆ ಕಾಲಿಡಕೂಡದಂತೆ. ಮಳೆಗಾಲಕ್ಕೆ ತಿರುಗಿ ಬಂದಾಗ ಎಲ್ಲಿ ಮೇಯಿಸುತ್ತೀರಿ, ನನ್ನ ತಲೆಯ ಮೇಲೋ?

ಹೊಟ್ಟೆ ಉರಿಯುವ ಸಂಗತಿ ಎಂದರೆ, ಇದಕ್ಕೆ ಹೆಬ್ಬೆಟ್ಟು ಒತ್ತಿದವರು ನಿಮ್ಮ ಅವ್ವನೇ. ಕಂಪನಿಯಿಂದ ಬರೆದುಕೊಳ್ಳಲು ಬಂದ ಹುಡುಗಿ, ಈ ಜಾಗದಲ್ಲಿ ನಿಮ್ಮದೇನಿದೆ ಎಂದು ಕೇಳಿದಳು. ಅತ್ತೆ ಕೈಮುಗಿದು, “ನಮ್ದೇನೈತಿ ಯವ್ವಾ, ಎಲ್ಲಾ ಬೀರದೇವ್ರುದು” ಎಂದರು. ಈದ ಮರಿಗೂ, ರಾಶಿಯ ಜೋಳಕ್ಕೂ ಅವರು ಹಾಗೇ ಅನ್ನುತ್ತಾರಲ್ಲವೇ? ಆ ಹುಡುಗಿ ‘ಈ ಕುಟುಂಬ ಗಾಯರಾಣವನ್ನು ನಂಬಿಕೊಂಡಿಲ್ಲ’ ಎಂದು ಬರೆದು, ಅದರ ಕೆಳಗೆ ಅತ್ತೆಯ ಹೆಬ್ಬೆಟ್ಟು ಒತ್ತಿಸಿಕೊಂಡಳು. “ದೇವ್ರ ಹೆಸರ ತಗೊಂಡಿದ್ದ ತಪ್ಪಾತೇನ ರಾಜವ್ವ?” ಎಂದು ಅತ್ತೆ ಎರಡು ದಿನದಿಂದ ಉಂಡಿಲ್ಲ. ಅವರ ಮೇಲೆ ಸಿಟ್ಟು ಮಾಡಲೂ ಆಗದೆ ನಾನೇ ಅತ್ತುಬಿಟ್ಟೆ.

ಸೋಮವಾರ ಪಂಚಾಯತಿಯಲ್ಲಿ ತಕರಾರು ಕೇಳುತ್ತಾರೆ. ನೀವು ಬರಲೇಬೇಕು. ಅತ್ತೆಯ ಆಶೀರ್ವಾದವಿದೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ, ಸಿಟ್ಟಿನಲ್ಲೂ ಅದನ್ನು ಹೇಳದಿರಲಾರೆ.

ನಿಮ್ಮ
ರಾಜೇಶ್ವರಿ

ತಾ.ಕ.: ಟೆಂಪೋ ಹಾರ್ನ್ ಹೊಡೆಯುತ್ತಿದೆ, ಕೇಳಬೇಕಾದದ್ದನ್ನೇ ಕೇಳಿಲ್ಲ. ಗಾಯರಾಣದೊಳಗೆ ಕುರಿ ಬಿಡದಂತೆ ಕಂಪನಿಯ ಸಂಬಳಕ್ಕೆ ಕಾಯುವವರ ಪಟ್ಟಿಯಲ್ಲಿ ಮೊದಲ ಹೆಸರು ನಿಮ್ಮದು. ನಿಮ್ಮನ್ನು ಕೇಳಿಯೇ ಬರೆಸಿದ್ದಾಗಿ ನಿಮ್ಮ ತಮ್ಮ ಮಹಾದೇವ ಹೇಳುತ್ತಾನೆ. ಕಾವಲಿನವರ ಖಾಕಿ ಅಂಗಿ ಮನೆಗೆ ಬಂದಿದೆ, ಸರಿಯಾಗಿ ನಿಮ್ಮ ಅಳತೆಯದು. ಅಳತೆ ಕೊಟ್ಟವರು ನೀವೇ ಆದರೆ ಕುರಿಗಳನ್ನು ಅಲ್ಲೇ ಮಾರಿ ಬನ್ನಿ. ಅಲ್ಲವಾದರೆ ಅಷ್ಟೂ ಕುರಿಗಳನ್ನು ಹೊಡೆದುಕೊಂಡು ನೇರ ಪಂಚಾಯತಿಯ ಬಾಗಿಲಿಗೇ ಬನ್ನಿ.