ಆರನೇ ಪ್ರಶ್ನೆಯ ಹನ್ನೆರಡು ಅಂಕ

ಏಪ್ರಿಲ್ ೧೮, ಶುಕ್ರವಾರ
ಮಧ್ಯಾಹ್ನ ಮೂರು ಗಂಟೆ

ನನ್ನ ಮುದ್ದು ಅಕ್ಕಾ,

ಮೊದಲು ಬೈದು ಮುಗಿಸಿಬಿಡು, ಆಮೇಲೆ ಓದು. ಮದುವೆಯಾಗಿ ನಲವತ್ತೊಂದು ದಿನವಾಯಿತು, ನಿನಗೆ ಒಂದು ಸಾಲೂ ಬರೆಯಲಿಲ್ಲ. ನಿನ್ನ ಎರಡೂ ಕಾಗದಗಳು ಕನ್ನಡಿಯ ಪಕ್ಕದಲ್ಲಿ ಕೂತು, ನಾನು ತಲೆ ಬಾಚುವಾಗಲೆಲ್ಲ ದುರುಗುಟ್ಟಿ ನೋಡುತ್ತಿವೆ. ಪಾಪುವಿಗೆ ಹಲ್ಲು ಬಂತಾ? ಭಾವನ ಬೆನ್ನುನೋವು ಹೇಗಿದೆ? ಇಂಗ್ಲಿಷಿನಲ್ಲಿ ಬರೆದರೆ ಕೆಂಪು ಪೆನ್ನಿನಲ್ಲಿ ಗೀಚಿ ವಾಪಸ್ ಕಳಿಸುತ್ತೇನೆ ಅಂದಿದ್ದೆಯಲ್ಲ, ಅದಕ್ಕೇ ಕಷ್ಟಪಟ್ಟು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ನಮ್ಮ ಕಾನ್ವೆಂಟಿನ ಸಿಸ್ಟರುಗಳನ್ನು ಬೈದುಕೋ, ನನ್ನನ್ನಲ್ಲ.

ಅಕ್ಕಾ, ನಾನು ಎಷ್ಟು ಖುಷಿಯಾಗಿದ್ದೇನೆ ಗೊತ್ತಾ! ಮನೆ ಅಂದರೆ ಒಂದೇ ಕೋಣೆ. ಬಟ್ಟೆ ಇಸ್ತ್ರಿ ಮಾಡುವುದು, ಊಟ ಮಾಡುವುದು, ಓದುವುದು ಎಲ್ಲ ಒಂದೇ ಮೇಜಿನ ಮೇಲೆ. ಇವರು ಕಾರ್ಖಾನೆಯಿಂದ ಬಂದರೆ ಅಂಗಿಯ ಮಡಿಕೆಯಿಂದ ಲೇತ್ ಯಂತ್ರದ ಲೋಹದ ಸುರುಳಿಗಳು ಉದುರುತ್ತವೆ, ನಾನು ಬರಿಗಾಲಲ್ಲಿ ತುಳಿದು ಕಿರುಚುತ್ತೇನೆ, ಇವರು ಸೂಜಿ ಹಿಡಿದು ಕೂತು ಚೂರು ತೆಗೆಯುತ್ತಾರೆ. ಎದುರಿಗೆ 'ನೀನು' ಅನ್ನುತ್ತೇನೆ, ನಿನಗೆ ಬರೆಯುವಾಗ ಮಾತ್ರ 'ಇವರು'. ನಗಬೇಡ. ಸಂಜೆ ಕಾಲೇಜಿನ ಎರಡು ವರ್ಷ 'ಕೊನೇ ಬೆಂಚು' ಅಂತಲೇ ಕರೆಯುತ್ತಿದ್ದವಳು, ಇದ್ದಕ್ಕಿದ್ದಂತೆ ಎಷ್ಟು ಗೌರವ ಕೊಡಲಿ?

ಈಗ ವಿಷಯಕ್ಕೆ ಬರುತ್ತೇನೆ. ಸೋಮವಾರ ಕ್ಯಾಲ್ಕ್ಯುಲಸ್ ಪರೀಕ್ಷೆ ಮುಗಿಯಿತು. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಕೆಳಗಿನ ಮನೆಯ ಟೈಲರಮ್ಮ ಬೆಳಿಗ್ಗೆ ಮೆಟ್ಟಿಲ ಹತ್ತಿರ ನಿಂತು, "ಏನೇ ಮದುಮಗಳೇ, ನಾಲ್ಕು ದಿನದಿಂದ ನನ್ನ ತಲೆ ಮೇಲೇ ನಡೀತಿದ್ದೀಯಲ್ಲ. ಗಂಡ ಹೆಂಡತಿ ಜಗಳ ಆಡ್ತಿದ್ದೀರೋ, ಇಲ್ಲ ಪರೇಡ್ ಮಾಡ್ತಿದ್ದೀರೋ?" ಅಂದರು. "ಲೆಕ್ಕ ಮಾಡ್ತಿದ್ದೀನಿ ಅಮ್ಮ" ಅಂದೆ. "ಕಾಲಲ್ಲಾ?" ಅಂದುಬಿಟ್ಟರು!

ನನ್ನ ಚಿಂತೆ ನನ್ನ ಪೇಪರಿನದಲ್ಲ. ನಾನು ಹೇಗೋ ದಾಟುತ್ತೇನೆ. ಚಿಂತೆ ಇವರದ್ದು. ಇದೇ ಪೇಪರಿಗೆ ಇದು ಮೂರನೇ ಸಲ. ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಒಂದು ಕುರ್ಚಿ ಖಾಲಿ ಇದೆ. "ರಿಸಲ್ಟ್ ಬರೋವರೆಗೆ ಮಾತ್ರ ಕಾಯ್ತೀನಿ, ಪಾಸಾದ್ರೆ ನಿಂದು, ಇಲ್ಲಾಂದ್ರೆ ಬೇರೆಯವರದ್ದು" ಅಂತ ಮೇಲ್ವಿಚಾರಕರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದಾರೆ. ನಿನಗೆ ಇದು ಗೊತ್ತಿಲ್ಲ, ಅಮ್ಮನಿಗೂ ಹೇಳಬೇಡ: ಇವರ ಎಡಗಿವಿ ಮಂದವಾಗುತ್ತಿದೆ. ಹನ್ನೊಂದು ವರ್ಷ ಆ ಯಂತ್ರಗಳ ನಡುವೆ ನಿಂತಿದ್ದಾರಲ್ಲ. ಕಿವಿ ಡಾಕ್ಟರು, "ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬೇಕಾದ್ರೆ ಆ ಗದ್ದಲದಿಂದ ಈಚೆ ಬನ್ನಿ" ಅಂದರು. ನಕ್ಷೆ ವಿಭಾಗಕ್ಕೆ ಗಾಜಿನ ಬಾಗಿಲು ಇದೆ ಅಕ್ಕಾ. ಮುಚ್ಚಿದರೆ ಒಳಗೆ ಪೆನ್ಸಿಲ್ ಗೀಚುವ ಸದ್ದು ಕೇಳುತ್ತದಂತೆ.

ಇವರ ಜೊತೆ ಕೂತು ಪ್ರಶ್ನೆ ಪ್ರಶ್ನೆಯಾಗಿ ಲೆಕ್ಕ ಹಾಕಿದ್ದೇನೆ. ಖಂಡಿತ ಬರುವುದು ಮೂವತ್ತಮೂರು. ಪಾಸಾಗಲು ನಲವತ್ತು. ಉಳಿದದ್ದು ಆರನೇ ಪ್ರಶ್ನೆ, ಹನ್ನೆರಡು ಅಂಕ. ಎರಡು ಗೆರೆಗಳ ನಡುವಿನ ಜಾಗವನ್ನು ಅಕ್ಷದ ಸುತ್ತ ತಿರುಗಿಸಿದರೆ ಬರುವ ಆಕಾರದ ಗಾತ್ರ ಎಷ್ಟು ಅಂತ. ಒಳಗೆ ಟೊಳ್ಳಿರುವ ಆಕಾರ. ಹೊರಗಿನ ಗೆರೆ, ಒಳಗಿನ ಗೆರೆ ಎರಡನ್ನೂ ಬೇರೆ ಬೇರೆ ವರ್ಗ ಮಾಡಿ ಆಮೇಲೆ ಕಳೆಯಬೇಕು. ನಾನು ಇವರಿಗೆ ಹೇಳಿಕೊಟ್ಟದ್ದು ಮೊದಲು ಕಳೆದು ಆಮೇಲೆ ವರ್ಗ ಮಾಡು ಅಂತ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದ ಮೇಲೇ ನನಗೆ ತಪ್ಪು ಗೊತ್ತಾದದ್ದು. ಉತ್ತರ ಪೈನ ಹದಿನೈದನೇ ಎರಡು ಭಾಗ ಬರಬೇಕಿತ್ತು, ನಮ್ಮ ದಾರಿಯಲ್ಲಿ ಹೋದರೆ ಮೂವತ್ತನೇ ಒಂದು ಭಾಗ ಬರುತ್ತದೆ. ಅರ್ಧವೂ ಅಲ್ಲ ಅಕ್ಕಾ, ಕಾಲು ಪಾಲು!

ನೀನು ವರ್ಷಾ ವರ್ಷಾ ಮೌಲ್ಯಮಾಪನಕ್ಕೆ ಹೋಗುವವಳು. ಅಧಿಕಾರಿಯ ಹಾಗೆ ಅಲ್ಲ, ಅಕ್ಕನ ಹಾಗೂ ಅಲ್ಲ, ನಿಜ ಹೇಳು. ಚಿತ್ರ ಸರಿಯಿದೆ. ಗೆರೆಗಳು ಸೇರುವ ಬಿಂದುಗಳು ಸರಿ, ಮಿತಿಗಳು ಸರಿ. ಸೂತ್ರ ಒಂದೇ ತಪ್ಪು. ಆಮೇಲೆ ಆ ತಪ್ಪು ಸೂತ್ರದ ಮೇಲೆ ಮಾಡಿದ ಕೆಲಸವೆಲ್ಲ ಒಂದು ಚಿಹ್ನೆಯೂ ತಪ್ಪದೆ ಸರಿ. ಇಂಥದಕ್ಕೆ ಹಂತದ ಅಂಕ ಎಷ್ಟು ಕೊಡುತ್ತೀರಿ? ಏಳು ಬಂದರೆ ಸಾಕು. ಚಿತ್ರಕ್ಕೆ ಎರಡು, ಬಿಂದುಗಳಿಗೆ ಎರಡು, ಮಿತಿಗೆ ಒಂದು, ಐದಾಯಿತು. ಇನ್ನೆರಡು ಎಲ್ಲಿಂದ ತರಲಿ? ಒಮ್ಮೆ ಹಾಕಿದರೆ ಏಳು ಬರುತ್ತದೆ, ಇನ್ನೊಮ್ಮೆ ನಾಲ್ಕೂವರೆ. ನಿನ್ನೆ ಸಿಟ್ಟಿನಲ್ಲಿ ಒಂಬತ್ತು ಕೊಟ್ಟೆ. ಆಮೇಲೆ ಎದ್ದು ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದೆ.

ಇವರೋ, ಆರಾಮಾಗಿದ್ದಾರೆ. ಇವರ ಲೆಕ್ಕದಲ್ಲಿ ಆರನೆಯದಕ್ಕೆ ಹನ್ನೆರಡಕ್ಕೆ ಹನ್ನೆರಡು. "ನಲವತ್ತೈದು ಕಣೇ! ಮೇಡಂ ಕೈಲಿ ಪಾಠ ಹೇಳಿಸ್ಕೊಂಡೋನು ಫೇಲಾಗ್ತಾನಾ?" ಅಂತ ನನ್ನ ಜಡೆ ಎಳೆದು ಹೋಗುತ್ತಾರೆ. ನಿನ್ನೆ ಅಂಗಡಿಯಿಂದ ಹೊಸ ಪೆನ್ಸಿಲ್ ಪೆಟ್ಟಿಗೆ ತಂದಿದ್ದಾರೆ, ಗಟ್ಟಿ ಸೀಸದ್ದು, ಮೆತ್ತನೆಯದು, ಎಲ್ಲ ಬಗೆಯದು. ನಾನು ಅದನ್ನು ನೋಡಿ "ಚೆನ್ನಾಗಿದೆ" ಅಂದೆ. ಸುಮ್ಮನೆ ಮೂರು ವಾರದ ಸಂತೋಷವನ್ನು ಯಾಕೆ ಕಿತ್ತುಕೊಳ್ಳಲಿ, ಅಲ್ಲವಾ? ರಿಸಲ್ಟ್ ಬಂದಾಗ ಹೇಗೂ ಗೊತ್ತಾಗುತ್ತದೆ.

ಬೇಗ ಉತ್ತರ ಬರಿ. ಎರಡೇ ಸಾಲು ಸಾಕು, ಒಂದು ಅಂಕಿ ಇದ್ದರೂ ಸಾಕು. ಪಾಪುವಿನ ಎರಡೂ ಕೆನ್ನೆಗೆ ನನ್ನ ಮುತ್ತು, ಅವಳು ನೂರು ವರ್ಷ ನಗುನಗುತ್ತಾ ಬಾಳಲಿ, ಚಿಕ್ಕಮ್ಮನ ಹಾಗೆ ಅವಸರದವಳಾಗದಿರಲಿ. ಭಾವನಿಗೆ ನಮಸ್ಕಾರ. ನಿನ್ನ ಕಾಲಿಗೆ ಬಿದ್ದಿದ್ದೇನೆ ಅಂದುಕೋ. ತಲೆ ಮೇಲೆ ಕೈಯಿಡು, ಇವರ ತಲೆಯ ಮೇಲೂ.

ನಿನ್ನ
ಪುಟ್ಟಿ

ತಾ.ಕ.: ಅಕ್ಕಾ, ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ತಪ್ಪು ನನಗೆ ಮನೆಗೆ ಬಂದ ಮೇಲೆ ಗೊತ್ತಾದದ್ದಲ್ಲ, ಪರೀಕ್ಷೆಯ ಕೋಣೆಯಲ್ಲೇ ಗೊತ್ತಾಯಿತು. ಹೇಳಿಕೊಟ್ಟ ದಿನ ಇವರು, "ಮೊದಲೇ ಕಳೆದುಬಿಟ್ರೆ ಒಳಗಿನ ತೂತು ಎಲ್ಲಿ ಹೋಯ್ತು? ನಾನು ದಿನಾ ಕೊರೆಯೋದು ಅದನ್ನೇ, ಇದು ಹಾಗಾಗಲ್ಲ ಕಣೇ" ಅಂದಿದ್ದರು. ನಾನು, "ಕಾರ್ಖಾನೆ ಬುದ್ಧಿ ಕಾರ್ಖಾನೇಲಿರಲಿ, ಇಲ್ಲಿ ನಾನು ಹೇಳಿದ್ದು ಕೇಳು" ಅಂತ ಬಾಯಿ ಮುಚ್ಚಿಸಿದ್ದೆ. ಆರನೇ ಪ್ರಶ್ನೆಯ ಮೂರನೇ ಸಾಲಿನಲ್ಲಿ ಆ ಮಾತು ನೆನಪಾಯಿತು. ಬರೆದದ್ದನ್ನು ಹೊಡೆದು ಹಾಕಿ, ಇವರು ಹೇಳಿದ ಹಾಗೆ ಮಾಡಿದೆ. ನನ್ನದು ಸರಿಯಿದೆ ಅಕ್ಕಾ. ಇವರ ಮಾತಿನಿಂದ ನನ್ನದು ಸರಿಯಾಯಿತು, ನನ್ನ ಮಾತಿನಿಂದ ಇವರದು ಹಾಳಾಯಿತು. ಮೂರು ಬೆಂಚು ಮುಂದೆ ಇವರ ಬೆನ್ನು ಕಾಣುತ್ತಿತ್ತು, ಸರಸರ ಬರೆಯುತ್ತಿದ್ದರು. ಒಂದು ಸಲ ಕೆಮ್ಮಿದೆ. ಕೆಮ್ಮಿನಲ್ಲಿ ಏನು ತಾನೇ ಹೇಳಲಿಕ್ಕಾಗುತ್ತದೆ?

ವಾಪಸ್ ಬರುವಾಗ ಬಸ್ಸಿನಲ್ಲಿ, "ಆರನೇದು ನೀನೂ ಹಾಗೇ ಬರೆದೆ ತಾನೆ?" ಅಂತ ಕೇಳಿದರು. "ಹೂಂ, ಹಾಗೇ ಬರೆದೆ" ಅಂದೆ. ನಾನು ಎಡಗಡೆ ಕೂತಿದ್ದೆ, ಇವರಿಗೆ ಕೇಳಿಸಲಿಲ್ಲ. ಪೂರ್ತಿ ನನ್ನ ಕಡೆ ತಿರುಗಿ, ಬಲಗಿವಿಗೆ ಕೈ ಅಡ್ಡ ಹಿಡಿದು, "ಏನಂದೆ?" ಅಂದರು.

ನಾನು ಇನ್ನೊಂದು ಸಲ ಹೇಳಿದೆ, ಸ್ವಲ್ಪ ಜೋರಾಗಿ.