ಸೊಸೆಯ ಕೊರಳ ಇಷ್ಟಲಿಂಗ

ಹುಮನಾಬಾದದಲ್ಲಿ ನರ್ಸ್ ಆಗಿರುವ ಸೊಸೆ ಚಿ. ಸೌ. ಧನಶ್ರೀಗೆ ಬಸವಕಲ್ಯಾಣದಿಂದ ಮಾವನ ಶರಣಾರ್ಥಿ.

“ಮಾವಾರ, ಕೊರಳಾಗಿನ ಲಿಂಗ ತೆಗದಿಟ್ಟು ಕೋವಿಡ್ ವಾರ್ಡಿಗೆ ಬಾ ಅನ್ನಾಕತ್ತಾರ, ಹ್ಯಾಂಗ ಮಾಡ್ಲಿರಿ?” ಎಂದು ನಿನ್ನೆ ನೀನು ಫೋನಿನಲ್ಲಿ ಕೇಳಿದಾಗ, ಬರೆದು ತಿಳಿಸುವೆನೆಂದು ಫೋನಿಟ್ಟೆ. ಅಂಗದಿಂದ ಲಿಂಗವನ್ನು ಅಗಲಿಸಲಾಗದೆಂದು ಆಯುಷ್ಯವೆಲ್ಲ ಬೋಧಿಸಿದವನು ನಾನು. ರಕ್ಷಾಕವಚದೊಳಗೆ ಬೆವರಿಗೆ ನೆನೆದ ಶಿವದಾರ ನಿನ್ನ ಕೊರಳನ್ನು ಹುಣ್ಣಾಗಿಸಿದೆಯೆಂದು ನಿನ್ನ ಪತಿ ಅಜೀತ ತಿಳಿಸಿದ ಮೇಲಂತೂ ಪೂಜೆಗೆ ಕುಳಿತರೂ ಚಿತ್ತ ನಿಲ್ಲದು. ಎದ್ದು ಅಂಗಳಕ್ಕೆ ಹೋಗುತ್ತೇನೆ, ಮರಳುತ್ತೇನೆ.

ಆದುದರಿಂದ ತೆಗೆ. ಲಿಂಗವನ್ನು ಅಜೀತನ ಕೈಯಲ್ಲಿ ಕಳುಹಿಸು. ನನ್ನದರೊಡನೆ ನಿತ್ಯವೂ ಪೂಜಿಸುವೆನು. ಮೈಮೇಲೆ ಲಿಂಗವಿಲ್ಲವೆಂದು ಊಟವನ್ನು ಬಿಡಬೇಡ. “ಆಕಿ ಉಪಾಸ ಇದ್ರ ರೋಗಿಗಳನ್ನ ಎತ್ತೋರು ಯಾರ್ರಿ?” ಎಂದು ನಿನ್ನತ್ತೆ ನನ್ನನ್ನೇ ಗದರಿದಳು. ಯಾರು ಕೇಳಿದರೂ, ಶಿವನೇ ಕೇಳಿದರೂ, ಮಾವನ ಅಪ್ಪಣೆಯೆಂದು ಹೇಳು.

ನಿನ್ನ ಮಾವ,
ದೇವಿಂದ್ರಪ್ಪ