ಜಾಡಿಯ ಮೇಲಿನ ಚೀಟಿ

ಅಪ್ಪಾ,

ನಿನ್ನ ಹುಳದ ಡಾಕ್ಟರಮ್ಮನ ನಮಸ್ಕಾರ. ನೀನು ಜಾಡಿಯಲ್ಲಿ ಕಳಿಸಿದ ಹಾವು ತಲುಪಿತು. ಅದರ ಶ್ವಾಸಕೋಶದಲ್ಲಿ ಸಿಕ್ಕ ಹುಳುಗಳು ಇದುವರೆಗೆ ಯಾರೂ ಗುರುತಿಸದ ಹೊಸ ಜಾತಿಯವು. ಹಾವು ತಂದುಕೊಟ್ಟವರ ಹೆಸರನ್ನೇ ಹುಳುವಿಗೆ ಇಡುವುದು ನಮ್ಮಲ್ಲಿ ಉಂಟು. ನಿನ್ನ ಹೆಸರು ಬರೆದಿಟ್ಟಿದ್ದೇನೆ. ನಗಬೇಡ.

ಆದರೆ ವರದಿಯಲ್ಲಿ ಹಾವು ಹೇಗೆ ಸತ್ತಿತು ಎಂದೂ ಬರೆಯಬೇಕು. ಚೀಟಿಯಲ್ಲಿ ನೀನು ‘ರಸ್ತೆಯಲ್ಲಿ ಸತ್ತು ಬಿದ್ದಿತ್ತು’ ಎಂದಿದ್ದೀಯ. ಅದರ ಮೈಮೇಲೆ ಚಕ್ರ ಹಾದ ಗುರುತಿಲ್ಲ. ತಲೆ ಮಾತ್ರ ಕೋಲಿನ ಪೆಟ್ಟಿಗೆ ಜಜ್ಜಿಹೋಗಿದೆ. ಮೂವತ್ತು ವರ್ಷ ಕಂಡವರ ಮನೆಯಿಂದ ಹಾವು ಹಿಡಿದು ಕಾಡಿಗೆ ಬಿಟ್ಟವನು ನೀನು. ಒಂದರ ಮೇಲೂ ಕೋಲೆತ್ತಿದವನಲ್ಲ. ಚೀಟಿಯ ಅಕ್ಷರಗಳೂ ಅಂಕುಡೊಂಕಾಗಿವೆ, ಎಡಗೈಯಲ್ಲಿ ಬರೆದ ಹಾಗೆ. ಈ ವಾರ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಅಮ್ಮ, “ನಿಮ್ಮಪ್ಪ ಸ್ನಾನಕ್ಕೆ ಹೋಗಿದಾರೆ ಕಣೇ” ಅಂದಳು.

ಕಚ್ಚಿಸಿಕೊಂಡೆ ಎಂದು ಬೈಯುವುದಿಲ್ಲ. ಕೊಂದೆ ಎಂದೂ ಬೈಯುವುದಿಲ್ಲ. ನಿನ್ನ ಹೆಸರನ್ನೂ ಹೊಡೆದುಹಾಕುವುದಿಲ್ಲ. ಖಾಲಿ ಜಾಡಿಯನ್ನು ಮಾತ್ರ ಈ ಸಲ ವಾಪಸು ಕಳಿಸುತ್ತಿಲ್ಲ, ಇನ್ನು ಹಾವಿನ ಸಹವಾಸ ಬೇಡ. ಶನಿವಾರ ಬರುತ್ತೇನೆ. ಅಷ್ಟರೊಳಗೆ ಒಂದು ಸಾಲು ಉತ್ತರ ಹಾಕು, ಸಾಕು.

ಬಲಗೈಯಲ್ಲಿ ಬರೆ.

ನಿನ್ನ ಮಗಳು